ದಲ್ಲಾಳಿಯ ಮಾತು, ಮನೆಯ ಪತ್ರ

ಬೆಂಗಳೂರಿನ ಸಾಮೀಪ್ಯದಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹೊಲಗಳು ನಿವೇಶನಗಳಾಗುತ್ತಿವೆ. ಇಲ್ಲಿ ದಲ್ಲಾಳಿಯನ್ನು ನಂಬಬಹುದೆ? ಮನೆ ತೋರಿಸಲು, ಗಿರಾಕಿಯನ್ನು ಕರೆತರಲು ಅಗತ್ಯವಾಗಿ ನಂಬಿರಿ. ಹಕ್ಕಿನ ವಿಷಯದಲ್ಲಿ ಮಾತ್ರ ಪತ್ರವನ್ನೇ ನಂಬಿರಿ. ವ್ಯಾಪಾರ ಕುದುರಿದರಷ್ಟೇ ಅವನಿಗೆ ಸಂಪಾದನೆ. ಆದುದರಿಂದ ಅವಸರ ಸಹಜ.

2016ರ ರೇರಾ ಕಾಯಿದೆಯಂತೆ, ನೋಂದಾಯಿತ ಬಡಾವಣೆಯ ನಿವೇಶನ ಮಾರಿಸುವ ದಲ್ಲಾಳಿಯೂ ನೋಂದಣಿ ಪಡೆದಿರಬೇಕು. ಹಳೆಯ ಮನೆಯ ಬಿಡಿ ವ್ಯಾಪಾರಕ್ಕೆ ಆ ಕಾವಲಿಲ್ಲ.

ಕೊಳ್ಳುವವರು ಮುಂಗಡ ಕೊಡುವ ಮೊದಲೇ ಋಣಭಾರ ಪತ್ರವನ್ನೂ ಭೂಪರಿವರ್ತನೆಯ ಆದೇಶವನ್ನೂ ಜಮೀನಿನ ಮೂಲವನ್ನೂ ನೋಡತಕ್ಕದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ, 1978ರ ಕಾಯಿದೆಯಂತೆ ಆ ಕ್ರಯವೇ ಅಸಿಂಧು. ಭೂಮಿ ಮೂಲದವರಿಗೆ ಹಿಂದಿರುಗುವ ಹೊತ್ತಿಗೆ ದಲ್ಲಾಳಿ ತನ್ನ ಪಾಲು ಪಡೆದು ಹೋಗಿರುತ್ತಾನೆ.

ಮಾರುವವರೂ ಎಚ್ಚರದಿಂದಿರಬೇಕು: ಹಣ ನೇರವಾಗಿ ನಿಮಗೇ ಸಲ್ಲಲಿ, ದಲ್ಲಾಳಿಗೆ ಜಿ.ಪಿ.ಎ. ಬರೆದುಕೊಡಬೇಡಿರಿ.