ಒಂದೂವರೆ ಅಡಿ ಇಳಿದ ಟ್ರೇಲರು

ಅಮೆರಿಕದ ಪೂರ್ವ ಭಾಗದ ಬಹುತೇಕ ರಾಜ್ಯಗಳಲ್ಲಿ, ವಿಶೇಷ ಪರವಾನಗಿ ಇಲ್ಲದ ಲಾರಿ ಹೇರು ಸಮೇತ 13 ಅಡಿ 6 ಇಂಚು ಎತ್ತರ ಮೀರುವಂತಿಲ್ಲ. ಪಶ್ಚಿಮದ ಹಲವೆಡೆ 14 ಅಡಿಯವರೆಗೂ ಬಿಡುತ್ತಾರೆ. ಮಾಮೂಲಿ ಫ್ಲಾಟ್‌ಬೆಡ್ ಟ್ರೇಲರಿನ ಹಲಗೆಯೇ ನೆಲದಿಂದ ಸುಮಾರು ಐದು ಅಡಿ ಮೇಲಿರುತ್ತದೆ. ಹಾಗಾಗಿ ಅದರ ಮೇಲೆ ಎಂಟೂವರೆ ಅಡಿಗಿಂತ ಎತ್ತರದ ಸರಕು ಹೇರುವಂತಿಲ್ಲ. ಆದರೆ ದೊಡ್ಡ ಟ್ರ್ಯಾಕ್ಟರು, ಕಾರ್ಖಾನೆಯ ಯಂತ್ರ, ನೀರಿನ ಟ್ಯಾಂಕು ಈ ಅಳತೆಗೆ ಬಗ್ಗುವುದಿಲ್ಲ.

ಇದಕ್ಕೆ ಕಂಡುಕೊಂಡ ದಾರಿಯೇ ಸ್ಟೆಪ್ ಡೆಕ್. ಮುಂಭಾಗದಲ್ಲಿ ಹತ್ತು-ಹನ್ನೊಂದು ಅಡಿ ಉದ್ದದ ಮೇಲಟ್ಟ, ಅಲ್ಲಿಂದ ಮೆಟ್ಟಿಲಿನ ಹಾಗೆ ಒಂದೂವರೆ ಅಡಿ ಇಳಿದು ಹಿಂದಿನವರೆಗೆ ಚಾಚಿಕೊಂಡ ಕೆಳಗಿನ ಅಟ್ಟ. ಕೆಳ ಅಟ್ಟ ನೆಲದಿಂದ ಸುಮಾರು ಮೂರೂವರೆ ಅಡಿಯಷ್ಟೇ ಮೇಲಿರುವುದರಿಂದ ಹತ್ತು ಅಡಿ ಎತ್ತರದ ಯಂತ್ರವೂ ಅಲ್ಲಿ ನಿಲ್ಲುತ್ತದೆ. ಈ ಒಂದೂವರೆ ಅಡಿ ಲಾಭವೇನೋ ನಿಜ. ಆದರೆ ಟಾರ್ಪಾಲು, ಸರಪಳಿ, ಬೆಲ್ಟುಗಳ ಲೆಕ್ಕವನ್ನೆಲ್ಲ ಹೊಸದಾಗಿ ಹಾಕುವಂತೆ ಮಾಡುವುದೂ ಅದೇ.

ಮೊದಲು ಟಾರ್ಪಾಲು. ಫ್ಲಾಟ್‌ಬೆಡ್ ಚಾಲಕರ ಬಳಿ ಸಾಮಾನ್ಯವಾಗಿ ಎರಡು ಬಗೆಯ ಟಾರ್ಪಾಲು ಇರುತ್ತವೆ. ಕಬ್ಬಿಣದ ಹಾಳೆ, ಕಂಬಿಯಂಥ ತಗ್ಗು ಸರಕಿಗೆ ಬದಿಯಲ್ಲಿ ನಾಲ್ಕು ಅಡಿ ಇಳಿಬೀಳುವ ಸ್ಟೀಲ್ ಟಾರ್ಪು. ಮರದ ಹಲಗೆಯಂಥ ಎತ್ತರದ ಹೇರಿಗೆ ಎಂಟು ಅಡಿ ಇಳಿಬೀಳುವ ಲಂಬರ್ ಟಾರ್ಪು. ಲಂಬರ್ ಟಾರ್ಪಿನ ಅಗಲ ಸಾಮಾನ್ಯವಾಗಿ 24 ಅಡಿ. ನೆತ್ತಿಗೆ ಎಂಟು, ಎರಡು ಬದಿಗೆ ಎಂಟೆಂಟು. ಇದನ್ನೇ ಸ್ಟೆಪ್ ಡೆಕ್ಕಿನ ಮೇಲಿರುವ ಹತ್ತು ಅಡಿ ಎತ್ತರದ ಯಂತ್ರಕ್ಕೆ ಹೊದಿಸಿದರೆ ಎರಡೂ ಬದಿಯಲ್ಲಿ ಎರಡೆರಡು ಅಡಿ ಬಟಾಬಯಲಾಗುತ್ತದೆ. ಮಳೆಯ ಜೊತೆಗೆ ಚಕ್ರದಿಂದ ಸಿಡಿಯುವ ಕೆಸರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎಲ್ಲವೂ ಆ ಸಂದಿನಿಂದ ಒಳಗೆ ನುಗ್ಗುತ್ತವೆ. ಅಲ್ಲಿಗೆ ಬೇಕಾದದ್ದು ಹತ್ತು ಅಡಿ ಇಳಿಬೀಳುವ, 28 ಅಡಿ ಅಗಲದ ಟಾರ್ಪಾಲು. ಸ್ಟೆಪ್ ಡೆಕ್ ಕೊಂಡವರು ಹಳೆಯ ಟಾರ್ಪನ್ನೇ ನೆಚ್ಚಿಕೊಂಡರೆ ಮೊದಲ ಎತ್ತರದ ಹೇರಿನಲ್ಲೇ ಕೊರತೆ ಬಯಲಾಗುತ್ತದೆ.

ಬಟ್ಟೆಯ ದಪ್ಪವನ್ನು ಅಲ್ಲಿ ಔನ್ಸಿನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಗಜ ಬಟ್ಟೆಯ ತೂಕ. ವಿನೈಲ್ ಲೇಪವಿರುವ 18 ಔನ್ಸಿನ ಬಟ್ಟೆ ಗಟ್ಟಿಮುಟ್ಟು. ಆದರೆ ಅದರಲ್ಲಿ ಹೊಲಿದ ಒಂದು ಲಂಬರ್ ಟಾರ್ಪು ನೂರು ಪೌಂಡಿನ, ಅಂದರೆ 45 ಕಿಲೋದ ಆಸುಪಾಸು ತೂಗುತ್ತದೆ. ಅದನ್ನು ಹೊತ್ತು ಹೇರಿನ ನೆತ್ತಿಗೆ ಏರಿಸಬೇಕು. ಸ್ಟೆಪ್ ಡೆಕ್ಕಿನಲ್ಲಿ ಆ ನೆತ್ತಿ ನೆಲದಿಂದ ಹದಿಮೂರೂವರೆ ಅಡಿ. ಗಾಳಿ ಬೀಸುವಾಗ, ಒದ್ದೆಯಾದ ವಿನೈಲ್ ಮೇಲೆ ಕಾಲಿಟ್ಟು ನಡೆದಾಡುವುದೆಂದರೆ ಬೆನ್ನೆಲುಬು ಪಣಕ್ಕಿಟ್ಟ ಕೆಲಸ. ಅದಕ್ಕಾಗಿಯೇ ನೆತ್ತಿಗೆ ಮಾತ್ರ 18 ಔನ್ಸು, ಬದಿಗೆ 14 ಔನ್ಸು ಬಟ್ಟೆ ಹಾಕಿ ಹೊಲಿದ ಟಾರ್ಪುಗಳೂ ಸಿಗುತ್ತವೆ. ಸರಕಿಗೆ ಉಜ್ಜುವುದು ನೆತ್ತಿ ಮತ್ತು ಮೂಲೆಗಳು, ಬದಿ ಸುಮ್ಮನೆ ಇಳಿಬಿದ್ದಿರುತ್ತದೆ. ಚಾಲಕ ಒಬ್ಬನೇ ಇರುವ ಲಾರಿಗೆ ಇದೇ ಸರಿಯಾದ ಆಯ್ಕೆ.

ಹೊದಿಸುವುದಕ್ಕೂ ಒಂದು ಕ್ರಮವಿದೆ. ಎರಡು ತುಂಡು ಟಾರ್ಪು ಹಾಕುವಾಗ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚನ್ನು ಅದರ ಮೇಲೆ ಬರಿಸಬೇಕು. ಮಾಡಿಗೆ ಹೆಂಚು ಹೊದಿಸಿದ ಹಾಗೆ. ತಿರುಗುಮುರುಗಾದರೆ ಎದುರುಗಾಳಿ ಅಂಚಿನಡಿ ಹೊಕ್ಕು ಇಡೀ ಟಾರ್ಪನ್ನು ಉಬ್ಬಿಸುತ್ತದೆ, ಪಟಪಟ ಬಡಿದುಕೊಂಡೇ ಬಟ್ಟೆ ಹರಿಯುತ್ತದೆ. ಸ್ಟೆಪ್ ಡೆಕ್ಕಿನ ಮೆಟ್ಟಿಲಿನ ಮೂಲೆಯಲ್ಲಿ ಗಾಳಿ ಸುಳಿಯುವುದು ಹೆಚ್ಚು. ಅಲ್ಲಿ ಬಟ್ಟೆಯನ್ನು ಮಡಿಸಿ ರಬ್ಬರ್ ಹಗ್ಗದಿಂದ ಬಿಗಿ ಮಾಡಬೇಕು. ಚೂಪಾದ ಮೂಲೆಗಳಿಗೆ ಮೊದಲೇ ದಪ್ಪ ಕಂಬಳಿ ಸುತ್ತಬೇಕು.

ಟಾರ್ಪಾಲು ಸರಕನ್ನು ಮಳೆ, ಧೂಳಿನಿಂದ ಕಾಯುತ್ತದೆಯೇ ಹೊರತು ಹಿಡಿದು ನಿಲ್ಲಿಸುವುದಿಲ್ಲ. ಹಿಡಿಯುವ ಕೆಲಸ ಸರಪಳಿ ಮತ್ತು ಬೆಲ್ಟಿನದು. ಅಮೆರಿಕದಲ್ಲಿ ಈಗಿರುವ ಸರಕು ಬಿಗಿಯುವ ನಿಯಮಗಳು 2002ರಲ್ಲಿ ಪ್ರಕಟವಾಗಿ, 2004ರ ಜನವರಿ 1ರಿಂದ ಕಡ್ಡಾಯವಾದವು. ಕೆನಡಾ ಮತ್ತು ಅಮೆರಿಕ ಸೇರಿ ನಡೆಸಿದ ವರ್ಷಗಟ್ಟಲೆ ಅಧ್ಯಯನ ಅವುಗಳ ಹಿಂದಿದೆ. ಬ್ರೇಕ್ ಒತ್ತಿದಾಗ ಸರಕು ತನ್ನ ತೂಕದ ಶೇ. 80ರಷ್ಟು ಬಲದಿಂದ ಮುಂದಕ್ಕೆ ನುಗ್ಗಿದರೂ, ಶೇ. 50ರಷ್ಟು ಬಲದಿಂದ ಪಕ್ಕಕ್ಕೆ ವಾಲಿದರೂ ಕಟ್ಟು ತಡೆದುಕೊಳ್ಳಬೇಕು ಎಂಬುದು ಅವುಗಳ ಆಧಾರ. 40,000 ಪೌಂಡಿನ ಯಂತ್ರ, ಅಂದರೆ ಸುಮಾರು 18 ಟನ್, ಚಾಲಕನ ಬೆನ್ನ ಹಿಂದೆ ಹೀಗೆ ನುಗ್ಗುವುದನ್ನು ಊಹಿಸಿಕೊಂಡರೆ ಈ ಅಂಕಿಗಳ ಬೆಲೆ ತಿಳಿಯುತ್ತದೆ.

ಪ್ರತಿ ಸರಪಳಿಗೂ, ಬೆಲ್ಟಿಗೂ ಒಂದು ಭಾರಮಿತಿ ಇರುತ್ತದೆ. ಎಲ್ಲ ಕಟ್ಟುಗಳ ಭಾರಮಿತಿ ಕೂಡಿಸಿದರೆ ಸರಕಿನ ತೂಕದ ಅರ್ಧವಾದರೂ ಆಗಬೇಕು. ಟ್ರೇಲರಿನ ಒಂದು ಬದಿಯಿಂದ ಹೇರಿನ ಮೇಲೆ ಹಾದು ಇನ್ನೊಂದು ಬದಿಗೆ ಬಿಗಿದ ಕಟ್ಟು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಟ್ರೇಲರಿನಿಂದ ನೇರವಾಗಿ ಯಂತ್ರದ ಕೊಂಡಿಗೆ ಬಿಗಿದದ್ದು ಅರ್ಧ ಮಾತ್ರ. ಹೆಚ್ಚಿನವರು ಎಡವುವುದು ಇಲ್ಲೇ.

ಅದೇ 40,000 ಪೌಂಡಿನ ಯಂತ್ರವನ್ನೇ ತೆಗೆದುಕೊಳ್ಳಿ. ಕಟ್ಟುಗಳ ಮೊತ್ತ 20,000 ಪೌಂಡು ಆಗಬೇಕು. ಈ ವೃತ್ತಿಯಲ್ಲಿ ಎಲ್ಲರೂ ಬಳಸುವ, ಹೊಂಬಣ್ಣದ ಗ್ರೇಡ್ 70 ಸರಪಳಿಯಲ್ಲಿ ಎಂಟನೇ ಮೂರು ಇಂಚು ದಪ್ಪದ್ದಕ್ಕೆ ಭಾರಮಿತಿ 6,600 ಪೌಂಡು. ಯಂತ್ರದ ಕೊಂಡಿಗೆ ನೇರ ಬಿಗಿದರೆ ಲೆಕ್ಕಕ್ಕೆ ಸಿಗುವುದು 3,300. ಆರು ಸರಪಳಿ ಹಾಕಿದರೆ 19,800. ಬರೀ 200 ಪೌಂಡು ಕಡಿಮೆ, ಆದರೂ ಕಡಿಮೆಯೇ. ಏಳು ಬೇಕು, ಎರಡೂ ಬದಿಗೆ ಸಮವಾಗಿರಲೆಂದು ಎಂಟು ಹಾಕುವುದು ಲೇಸು. ಅರ್ಧ ಇಂಚಿನ ಸರಪಳಿಯಾದರೆ ಒಂದರ ಭಾರಮಿತಿ 11,300, ನಾಲ್ಕಕ್ಕೇ 22,600 ದಕ್ಕುತ್ತದೆ. ಎತ್ತಿ ಎಳೆದಾಡುವ ತೂಕ ಮಾತ್ರ ಬಹಳ.

ಇನ್ನೊಂದು ನಿಯಮವನ್ನು ಮರೆಯುವಂತಿಲ್ಲ. 10,000 ಪೌಂಡು ಅಥವಾ ಅದಕ್ಕಿಂತ ಹೆಚ್ಚು ತೂಗುವ ಗಾಲಿ ಅಥವಾ ಕ್ರಾಲರ್ ಯಂತ್ರಕ್ಕೆ ಕನಿಷ್ಠ ನಾಲ್ಕು ಕಟ್ಟು ಬೇಕು, ಒಂದೊಂದರ ಭಾರಮಿತಿಯೂ 5,000 ಪೌಂಡಿಗೆ ಕಡಿಮೆ ಇರಬಾರದು. ಅಗ್ಗವೆಂದು ಕೊಳ್ಳುವ ಹದಿನಾರನೇ ಐದು ಇಂಚಿನ ಗ್ರೇಡ್ 70 ಸರಪಳಿಗೆ ಇರುವುದು 4,700. ಹಾಗಾಗಿ ಎಷ್ಟು ಹಾಕಿದರೂ ಅದು ಈ ಕೆಲಸಕ್ಕೆ ಬಾರದು. ಯಂತ್ರದ ಬಕೆಟ್ಟು, ತೋಳುಗಳನ್ನು ಪೂರ್ತಿ ಕೆಳಗಿಳಿಸಿ ಬಿಗಿಯುವುದೂ ಕಡ್ಡಾಯ.

ಸರಪಳಿ ಬಿಗಿಯುವ ಬೈಂಡರು ಕೂಡ ಲೆಕ್ಕದ ಭಾಗ. 6,600ರ ಸರಪಳಿಗೆ 5,400ರ ಬೈಂಡರು ಸಿಕ್ಕಿಸಿದರೆ ಆ ಕಟ್ಟಿಗೆ ಬೆಲೆ 5,400 ಮಾತ್ರ. ಹಳೆಯ ಲಿವರ್ ಬೈಂಡರು ಅಗ್ಗ, ಬೇಗ ಬಿಗಿಯುತ್ತದೆ. ಆದರೆ ಬಿಚ್ಚುವಾಗ ಹಿಡಿ ಸಿಡಿದು ಮುಖಕ್ಕೆ, ಕೈಗೆ ಬಡಿಯುತ್ತದೆ. ನಿಧಾನವಾದರೂ ರ‍್ಯಾಚೆಟ್ ಬೈಂಡರೇ ವಾಸಿ.

ಪೆಟ್ಟಿಗೆ, ಮರ, ಬಣ್ಣ ಬಳಿದ ಸರಕಿಗೆ ಸರಪಳಿ ಒಗ್ಗದು. ಅಲ್ಲಿ ನಾಲ್ಕು ಇಂಚಿನ ಬೆಲ್ಟು, ಸಾಮಾನ್ಯವಾಗಿ 5,400 ಪೌಂಡಿನದು. 20 ಅಡಿ ಉದ್ದದ, 10,000 ಪೌಂಡಿನ ಪೆಟ್ಟಿಗೆಗೆ ತೂಕದ ಲೆಕ್ಕದಲ್ಲಿ ಒಂದು ಬೆಲ್ಟೇ ಸಾಕೆನಿಸಬಹುದು. ಆದರೆ ಮುಂದೆ ಆಸರೆ ಇಲ್ಲದ ಸರಕಿಗೆ ಮೊದಲ ಹತ್ತು ಅಡಿಗೆ ಎರಡು, ಆಮೇಲಿನ ಪ್ರತಿ ಹತ್ತು ಅಡಿಗೆ ಒಂದು ಎಂಬ ನಿಯಮವಿದೆ, ಮೂರು ಬೇಕು. ಅಂಚು ತಗಲಿ ಬೆಲ್ಟು ಕೊಯ್ಯುವಂತಿದ್ದರೆ ಮೂಲೆಗೆ ಕಾಪು ಇಡಲೇಬೇಕು. ಗಂಟು ಹಾಕಿದ ಬೆಲ್ಟನ್ನು ಕಾನೂನು ಒಪ್ಪುವುದಿಲ್ಲ.

ದುಡ್ಡು ಬಿಗಿಯಿದ್ದವರು ಸೆಕೆಂಡ್ ಹ್ಯಾಂಡ್ ಟಾರ್ಪಾಲು ಕೊಳ್ಳಬಹುದು. ಬಿಸಿಲಿಗೆ ಹಿಡಿದು ನೋಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ, ತೇಪೆ ಹಾಕಿಸಿದರಾಯಿತು. ಸರಪಳಿಯಲ್ಲಿ ಆ ಉಳಿತಾಯ ಸಲ್ಲದು. ಹೊಂಬಣ್ಣ ನಂಬಿ ಕೊಳ್ಳದೆ, ಕೊಂಡಿಗಳ ಮೇಲೆ 7, 70 ಅಥವಾ 700 ಎಂಬ ಅಚ್ಚು ಇದೆಯೇ ನೋಡಬೇಕು. ಅಚ್ಚು ಸವೆದು ಹೋಗಿದ್ದರೆ ತಪಾಸಣಾಧಿಕಾರಿ ಅದನ್ನು ಅತಿ ಕೆಳದರ್ಜೆಯ ಗ್ರೇಡ್ 30 ಎಂದೇ ಎಣಿಸುತ್ತಾರೆ, ಆಗ 6,600ರ ಸರಪಳಿಗೆ ಸಿಗುವುದು 2,650. ಇಷ್ಟೆಲ್ಲ ಸರಿಯಿದ್ದರೂ, ಹೊರಟ ಮೊದಲ 50 ಮೈಲಿಯೊಳಗೆ ಒಮ್ಮೆ ಇಳಿದು, ಆಮೇಲೆ ಮೂರು ಗಂಟೆಗೆ ಇಲ್ಲವೇ 150 ಮೈಲಿಗೆ, ಯಾವುದು ಮೊದಲೋ ಆಗ, ಪ್ರತಿ ಕಟ್ಟನ್ನೂ ಮುಟ್ಟಿ ನೋಡುವುದು ಚಾಲಕನ ಮೇಲೆ ಕಾನೂನು ಹೊರಿಸಿರುವ ಹೊಣೆ.