1,03,680ರಲ್ಲಿ ಹನ್ನೆರಡು

ನಿಮಿಷಕ್ಕೆ 72ರಂತೆ ಬಡಿದರೆ ಹೃದಯ ದಿನಕ್ಕೆ 1,03,680 ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಸುಮಾರು 70 ಮಿಲಿಲೀಟರ್ ರಕ್ತ. ಬೇಸಿಗೆಯಲ್ಲಿ ಓಣಿಗೆ ಬರುವ 5,000 ಲೀಟರಿನ ಟ್ಯಾಂಕರ್ ಒಂದು ತುಂಬಿ, ಇನ್ನೊಂದರಲ್ಲಿ ಅರ್ಧದ ಹತ್ತಿರ ಬರುವಷ್ಟು! ಇಷ್ಟನ್ನೂ ನೂಕುವುದು 300 ಗ್ರಾಂ ಆಸುಪಾಸಿನ ಒಂದು ಸ್ನಾಯು.

"ಎದಿ ಡವಡವ ಹೊಡ್ಕೊಳ್ಳಕತ್ತದ್ರಿ" ಎಂದು ಸೇಡಂನಲ್ಲೋ ಚಿಂಚೋಳಿಯಲ್ಲೋ ಡಾಕ್ಟರ ಮುಂದೆ ಕೂತವರ ಲೆಕ್ಕ ಬೇರೆ. ಕೂತಲ್ಲೇ 120 ಇದ್ದರೆ, ದಿನಕ್ಕೆ 69,120 ಬಡಿತ ಹೆಚ್ಚು. ತಪ್ಪು ಯಾವಾಗಲೂ ಹೃದಯದ್ದಲ್ಲ. ಶಹಾಬಾದಿನ ಕಲ್ಲುಗಣಿಯಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ, 43 ಡಿಗ್ರಿ ಬಿಸಿಲಲ್ಲಿ ಬೆವರು ಹರಿದಷ್ಟೂ ರಕ್ತದ ಪ್ರಮಾಣ ಇಳಿಯುತ್ತದೆ. ಆ ಕೊರತೆಯನ್ನು ಹೃದಯ ವೇಗದಿಂದ ತುಂಬಿಸುತ್ತದೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಹತ್ತು ಬಡಿತ ಏರುತ್ತವೆ. ಥೈರಾಯ್ಡ್, ಗಾಬರಿ, ತಂಬಾಕು, ಕೆಲವು ಔಷಧಿಗಳೂ ಕಾರಣವೇ.

ನನ್ನನ್ನು ಹೆಚ್ಚು ಕಾಡುವುದು ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ಅದಿದೆ. ಹಿಮೋಗ್ಲೋಬಿನ್ 12ರಿಂದ 6ಕ್ಕೆ ಇಳಿದರೆ, ಅಷ್ಟೇ ರಕ್ತ ಹೊರುವ ಆಮ್ಲಜನಕ ಅರ್ಧಕ್ಕೆ ಇಳಿಯುತ್ತದೆ; ಈ ಕೊರತೆಯನ್ನೂ ಹೃದಯ ವೇಗದಿಂದಲೇ ತುಂಬಿಸಲು ನೋಡುತ್ತದೆ. ಚಿತ್ತಾಪುರದ ಹೊಲದಲ್ಲಿ ತೊಗರಿ ಕೊಯ್ಯುವ ಹೆಣ್ಣುಮಗಳಿಗೆ, ರಕ್ತವನ್ನೇ ಪರೀಕ್ಷಿಸದೆ "ಟೆನ್ಶನ್ ಅಷ್ಟೇ" ಎಂದು ಮನೆಗೆ ಕಳಿಸುವುದು ಅನ್ಯಾಯ.

ಸ್ವಿಚ್ ಒತ್ತಿದಂತೆ ಥಟ್ಟನೆ 150, 200ಕ್ಕೆ ಹಾರಿ, ಹಾಗೇ ಥಟ್ಟನೆ ನಿಲ್ಲುವ ಬಡಿತ ಬೇರೆ ಜಾತಿಯದು; ಹೃದಯದ ವಿದ್ಯುತ್ ದಾರಿಯಲ್ಲೇ ಅಡ್ಡಹಾದಿ ಇರಬಹುದು. ಇದನ್ನು ಹಿಡಿಯಬೇಕಾದ ಇಸಿಜಿ ನೋಡುವುದು ಸಾಮಾನ್ಯವಾಗಿ ಹತ್ತು ಸೆಕೆಂಡು. ದಿನದ 86,400 ಸೆಕೆಂಡಿನಲ್ಲಿ ಹತ್ತು. ಲಕ್ಷ ಮೀರಿದ ಬಡಿತಗಳಲ್ಲಿ ಹನ್ನೆರಡು! ಬಡಿತ ಶಾಂತವಾದ ಮೇಲೆ ತೆಗೆದ ಇಸಿಜಿ 'ನಾರ್ಮಲ್' ಎಂದರೆ ಆ ಹನ್ನೆರಡು ನಾರ್ಮಲ್, ಅಷ್ಟೇ. ದಿನವಿಡೀ ಮೈಮೇಲಿದ್ದು ಎಲ್ಲ ಬಡಿತವನ್ನೂ ದಾಖಲಿಸುವ ಹೋಲ್ಟರ್ ಯಂತ್ರ ಇರುವುದು ಅದಕ್ಕೇ.

ಎದೆನೋವು, ಉಸಿರುಕಟ್ಟು, ತಲೆತಿರುಗಿ ಬೀಳುವುದು ಜೊತೆಗಿದ್ದರೆ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ಬಡಿತ ಏರಿರುವಾಗಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಕಲಬುರಗಿಯಲ್ಲಿ 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಕಟ್ಟಡ ತೆರೆದಿದೆ. ಅಲ್ಲಿಗೆ ಹೋಗುವಾಗ ಆ ಇಸಿಜಿ ಕಾಗದ ಕೈಯಲ್ಲಿರಲಿ.