ಆರು ವೈರಿಗಳು: ಅರಮನೆಯಿಂದ ಮನೆಗೆ

ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ಮನುಷ್ಯನ ಸಂಕಟಕ್ಕೆಲ್ಲ ಇವೇ ಮೂಲವೆಂದು ಹರಿಕಥೆ, ಪ್ರವಚನಗಳಲ್ಲಿ ಕೇಳುತ್ತಲೇ ಬೆಳೆದವರು ನಾವು. ಆದರೆ ಈ ಅರಿಷಡ್ವರ್ಗ ಮೊದಲಿನಿಂದಲೂ ಹೀಗಿರಲಿಲ್ಲ.

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ ತಾಳೆಗರಿಯ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರ, ಅಚ್ಚಾದದ್ದು 1909ರಲ್ಲಿ. ಅದರ ಮೊದಲ ಅಧಿಕರಣದಲ್ಲೇ ಆರು ವೈರಿಗಳಿದ್ದಾರೆ: ಕಾಮ, ಕ್ರೋಧ, ಲೋಭ, ಮಾನ, ಮದ, ಹರ್ಷ. ಮೋಹವೂ ಇಲ್ಲ, ಮತ್ಸರವೂ ಇಲ್ಲ. ಅದು ಸಾಧಕನಿಗಲ್ಲ, ರಾಜನಿಗೆ ಹೇಳಿದ ಮಾತು. ಒಂದೊಂದಕ್ಕೂ ಕೆಟ್ಟುಹೋದವರ ಹೆಸರು ಕೊಡುತ್ತಾನೆ ಕೌಟಿಲ್ಯ. ಮಾನಕ್ಕೆ ರಾವಣ, ದುರ್ಯೋಧನ. ಹರ್ಷಕ್ಕೆ ವಾತಾಪಿ!

ಮಗುವಿಗೆ ಉಣಿಸಿ ಹೊಟ್ಟೆ ಸವರುವಾಗ ನೆನೆಯುತ್ತೇವಲ್ಲ, ಅದೇ ವಾತಾಪಿ. ಅಣ್ಣ ಇಲ್ವಲ ಅವನನ್ನು ಟಗರಾಗಿಸಿ, ಅಡುಗೆ ಮಾಡಿ ಅತಿಥಿಗೆ ಬಡಿಸುವುದು. ಕರೆದೊಡನೆ ಇವನು ಹೊಟ್ಟೆ ಸೀಳಿಕೊಂಡು ಹೊರಬರುವುದು. ಪ್ರತಿ ಸಲವೂ ಗೆದ್ದ ಉಬ್ಬಿನಲ್ಲಿ ಅಗಸ್ತ್ಯರಂಥವರನ್ನೇ ಕೆಣಕಿ ಜೀರ್ಣವಾಗಿಹೋದ. ಗೆಲುವಿನ ಸಂತೋಷವನ್ನೂ ವೈರಿಗಳ ಸಾಲಿಗೆ ಸೇರಿಸಿದ ಕೌಟಿಲ್ಯನ ಕಣ್ಣು ಎಷ್ಟು ಚುರುಕು!

ಆರನ್ನೂ ಗೆಲ್ಲಬೇಕೆಂಬ ಈ ಮಾತು ಬಹುಕಾಲ ರಾಜನೀತಿಯದೇ. ಕವಿ ಭಾರವಿಯ ಕಿರಾತಾರ್ಜುನೀಯದ ಆರಂಭದಲ್ಲೇ, ದುರ್ಯೋಧನ ಅರಿಷಡ್ವರ್ಗವನ್ನು ಗೆದ್ದು ಆಳುತ್ತಿದ್ದಾನೆಂದು ಗೂಢಚಾರನು ಯುಧಿಷ್ಠಿರನಿಗೆ ವರದಿ ಒಪ್ಪಿಸುತ್ತಾನೆ. ಆ ಭಾರವಿಯ ಹೆಸರು 634ರ ಐಹೊಳೆ ಶಾಸನದಲ್ಲಿದೆ; ಎಂದರೆ ಆ ಹೊತ್ತಿಗೂ ಇದು ಅರಸರ ಮಾತೇ.

ಇನ್ನೊಂದು ದಾರಿ ಗೀತೆಯದು. ಅಲ್ಲಿ ವೈರಿಗಳನ್ನು ಎಣಿಸುವುದಕ್ಕಿಂತ ನೋವು ಹುಟ್ಟುವ ಬಗೆಯೇ ಮುಖ್ಯ. ಒಂದು ವಿಷಯವನ್ನೇ ನೆನೆಯುತ್ತಿದ್ದರೆ ಅಂಟು, ಅಂಟಿನಿಂದ ಬಯಕೆ, ಬಯಕೆಗೆ ತಡೆ ಬಿದ್ದರೆ ಸಿಟ್ಟು, ಸಿಟ್ಟಿನಿಂದ ಮಂಕು, ಆಮೇಲೆ ನೆನಪು, ಬುದ್ಧಿ ಎರಡೂ ಕೈಬಿಡುತ್ತವೆ. ಎಲ್ಲ ಶುರುವಾಗುವುದು ಸುಮ್ಮನೆ ನೆನೆಯುವುದರಿಂದ ಎಂಬುದು ನನ್ನನ್ನು ಇಂದಿಗೂ ಬೆಚ್ಚಿಸುತ್ತದೆ.

ವಚನಕಾರರು, ಹರಿದಾಸರ ಬಾಯಲ್ಲಿ ಅರಿಷಡ್ವರ್ಗ ಎಲ್ಲರ ಮನೆಮಾತಾಯಿತು. ಮಾನ, ಹರ್ಷಗಳ ಜಾಗದಲ್ಲಿ ಮೋಹ, ಮತ್ಸರ ಬಂದು ಕೂತವು. ಸಂಸಾರಸ್ಥರನ್ನು ನಿತ್ಯ ಸುಡುವುದು ಮಕ್ಕಳ ಮೇಲಿನ ಮೋಹ, ಓರಗೆಯವರ ಏಳಿಗೆ ಕಂಡ ಕರುಬು. ಹಾಗಾಗಿ ಈ ಬದಲಾವಣೆ ಸಹಜವೇ ಎನಿಸುತ್ತದೆ. ಆದರೂ ಹರ್ಷವನ್ನು ಬಿಡಬಾರದಿತ್ತು. ಯೋಗಸೂತ್ರದ ಪತಂಜಲಿ ಅದರ ಎಳೆಯನ್ನು ಕೈಬಿಟ್ಟಿಲ್ಲ: ಅವನ ಐದು ಕ್ಲೇಶಗಳಲ್ಲಿ ದ್ವೇಷ ದುಃಖದ ಬೆನ್ನಿಗೆ ಬಂದರೆ, ರಾಗ ಹುಟ್ಟುವುದು ಉಂಡ ಸುಖದಿಂದಲೇ.